ಒಳಕೋಣೆಯ ಹಗ್ಗದ ಮಂಚ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಪ್ಪ ಕಾರನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದರು. ಇಂದಿರಾನಗರದಿಂದ ಕಗ್ಗದಾಸಪುರ ದೂರವೇನಲ್ಲ. ಆದರೆ ದಾರಿಯಲ್ಲಿ ಹಂಪುಗಳು ಬಹಳ. ಪ್ರತಿಯೊಂದಕ್ಕೂ ಮುಂಚೆ ಅವರು "ಹಂಪ್ ಬಂತು" ಎನ್ನುತ್ತಿದ್ದರು. ನಾನು ಹೊಟ್ಟೆಯ ಮೇಲಿದ್ದ ದಿಂಬನ್ನು ಒತ್ತಿಕೊಳ್ಳುತ್ತಿದ್ದೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗಲೆಂದು ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದರು: "ಮನೇಲಿ ಅಪೆಂಡಿಕ್ಸ್ ಅಂತಾನೇ ಹೇಳಿದೀನಿ. ಅಜ್ಜಿಗೂ ಅಷ್ಟೇ."

ನಾನು ತಲೆಯಾಡಿಸಿದೆ. ಹಾಗೆ ಹೇಳಿ ಎಂದು ಕೇಳಿಕೊಂಡವಳು ನಾನೇ.

ತೆಗೆದದ್ದು ಎರಡೂ ಅಂಡಾಶಯಗಳನ್ನು. ವರ್ಷಗಟ್ಟಲೆ ತಿಂಗಳ ನೋವು ಎಂದುಕೊಂಡು ಸಹಿಸಿದ್ದು ಗಡ್ಡೆಗಳ ನೋವಾಗಿತ್ತು. ಒಂದನ್ನಾದರೂ ಉಳಿಸಲು ನೋಡುತ್ತೇವೆ ಎಂದು ಡಾಕ್ಟರು ಹೇಳಿದ್ದರು, ಉಳಿಸಲು ಆಗಲಿಲ್ಲ. ಅದನ್ನು ಅವರು ನನ್ನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದರು, ನಿಂತುಕೊಂಡಲ್ಲ. ಅದನ್ನು ಈಗಲೂ ನೆನೆಯುತ್ತೇನೆ. ಆಗ ನನಗೆ ಇಪ್ಪತ್ತಾರು. ಮದುವೆಯಾಗಿರಲಿಲ್ಲ, ಪುಲಿಕೇಶಿನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದೆ.

ನನಗೆ ನಾಚಿಕೆ ಇರಲಿಲ್ಲ. ಇದ್ದದ್ದು ಒಂದೇ ಭಯ: ಅಜ್ಜಿ ಅಳುವುದು. ಅಪ್ಪನ ತಾಯಿ, ಊರು ಹೊಲಗದ್ದೆಯಾಗಿದ್ದ ಕಾಲದಲ್ಲಿ ರಾಗಿ ಕುಯ್ದವರು. ಅವರು ಅತ್ತರೆ ಇಡೀ ಬೀದಿಗೆ ಕೇಳುವಂತೆ, ಹಾಡಿನ ಹಾಗೆ ಹೆಸರು ಹಿಡಿದು ಅಳುತ್ತಿದ್ದರು. ನಮ್ಮ ಜನರಲ್ಲಿ ಅದು ಗೌರವದ ಅಳು. ಆದರೆ ನನ್ನ ಮೇಲೆ ಅಂಥ ಅಳು ಬೀಳುವುದು ನನಗೆ ಬೇಕಿರಲಿಲ್ಲ. ಬದುಕಿರುವವಳ ಮುಂದೆ, ಹುಟ್ಟದ ಮಕ್ಕಳಿಗಾಗಿ ಅಳುವುದನ್ನು ಕೇಳುತ್ತಾ ಮಲಗಿರಲು ನನ್ನಿಂದ ಆಗುತ್ತಿರಲಿಲ್ಲ.

ಮನೆಯೊಳಗೆ ಕಾಲಿಟ್ಟಾಗ ಅಟ್ಟದ ಮೇಲಿದ್ದ ಹಗ್ಗದ ಮಂಚ ಒಳಕೋಣೆಗೆ ಇಳಿದಿತ್ತು.

ಅದು ಬಾಣಂತಿಯರ ಮಂಚ. ನಮ್ಮ ಮನೆಯಲ್ಲಿ ಹೆರಿಗೆಯಾದವರೆಲ್ಲ ಅದರ ಮೇಲೆ ಮಲಗಿದವರು. ನಾನು ಹುಟ್ಟಿದಾಗ ಅಮ್ಮ ಕೂಡ. ಹೆಣೆದ ಹಗ್ಗದ ಸಂದಿಯಿಂದ ಸಾಂಬ್ರಾಣಿ ಹೊಗೆ ಬೆನ್ನಿಗೆ ತಾಗಬೇಕೆಂದು ಅದನ್ನು ಹಾಗೆ ಮಾಡಿಸಿದ್ದರು. ಅಮ್ಮ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಅತ್ತೆ, ಇದ್ಯಾಕೆ ಈಗ? ಅವಳ ಹಾಸಿಗೆ ಇದೆಯಲ್ಲ."

"ಹೊಟ್ಟೆ ಕೊಯ್ಸ್ಕೊಂಡು ಬಂದವ್ಳೆ. ಹೊಟ್ಟೆ ನೋಡ್ಕೊಳ್ಳೋದು ನಂಗೆ ಹಿಂಗೇ ಗೊತ್ತಿರೋದು," ಎಂದರು ಅಜ್ಜಿ. "ಬಾ ಮಗಾ, ಮಲಕ್ಕೋ."

ಬೇರೆ ದಾರಿ ಇರಲಿಲ್ಲ, ಮಲಗಿದೆ. ಅಜ್ಜಿ ನನ್ನ ನೈಟಿ ಸರಿಸಿ ಹೊಟ್ಟೆ ನೋಡಿದರು. ಹೊಕ್ಕುಳಲ್ಲೊಂದು, ಎಡಕ್ಕೊಂದು, ಬಲಕ್ಕೊಂದು ಪುಟ್ಟ ಪ್ಲಾಸ್ಟರು.

"ಇಷ್ಟೇನಾ? ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ದೊಡ್ದಾಗಿ ಊದ್ಕೊಳ್ತದೆ."

"ಭುಜ ನೋಯ್ತಿದೆ ಅಜ್ಜಿ."

"ಹೊಟ್ಟೆ ಕೊಯ್ದ್ರೆ ಭುಜ ನೋಯ್ತದಾ? ಅದ್ಯಾವ ಡಾಕ್ಟ್ರೇ ಅವನು?"

ಆಪರೇಷನ್ನಿಗೆ ಹೊಟ್ಟೆಯೊಳಗೆ ಗಾಳಿ ತುಂಬುತ್ತಾರೆ, ಅದು ಪೂರ್ತಿ ಹೋಗುವವರೆಗೆ ಭುಜ ನೋಯುತ್ತದೆ ಎಂದು ವಿವರಿಸಿದೆ. "ವಾಯು ಅನ್ನು ಮತ್ತೆ," ಎಂದು ಅವರು ಸಮಾಧಾನಪಟ್ಟುಕೊಂಡರು. ವಾಯು ಅವರಿಗೆ ಗೊತ್ತಿದ್ದ ಸಂಗತಿ. ಅರ್ಧ ಗಂಟೆ ನನ್ನ ಭುಜ ತಿಕ್ಕಿದರು.

ಹೀಗೆ ನನ್ನ ಬಾಣಂತನ ಶುರುವಾಯಿತು. ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಕಿಟಕಿ ಮುಚ್ಚಿತು, ಫ್ಯಾನಿನ ಸ್ವಿಚ್ಚಿನ ಮೇಲೆ ಕ್ಯಾಲೆಂಡರು ಬಂತು. ಮೊದಲ ದಿನವೇ ಮಂಚದ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದರು. ಹೊಗೆಗೆ ನನಗೆ ಕೆಮ್ಮು ಹತ್ತಿತು. ಹೊಲಿಗೆ ಇರುವ ಹೊಟ್ಟೆಯಲ್ಲಿ ಕೆಮ್ಮುವುದೆಂದರೆ ಏನೆಂದು ಅನುಭವಿಸಿದವರಿಗಷ್ಟೇ ಗೊತ್ತು. ನಾನು ದಿಂಬು ಅಪ್ಪಿಕೊಂಡು ಕಣ್ಣೀರು ಸುರಿಸುತ್ತಿದ್ದರೆ ಅಜ್ಜಿ ಸೆರಗಿನಲ್ಲೇ ಕೆಂಡದ ಬಟ್ಟಲು ಹಿಡಿದು ಹೊರಗೆ ಓಡಿದರು. ಮತ್ತೆ ಹೊಗೆ ಹಾಕಲಿಲ್ಲ. ಆಮೇಲೆ ತಮ್ಮ ಹಳೆಯ ಹತ್ತಿ ಸೀರೆಯನ್ನು ನನ್ನ ಸೊಂಟಕ್ಕೆ ಸಡಿಲವಾಗಿ ಸುತ್ತಿದರು. ಎದ್ದು ನಿಲ್ಲುವಾಗ ಅದು ನಿಜಕ್ಕೂ ಆಧಾರವಾಯಿತು.

ಎಳನೀರು ತಂಪು, ಕೂಡದು ಎಂದು ಅಜ್ಜಿಯ ಕಟ್ಟಳೆ. ಕುಡಿಯಬಹುದೆಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಹಲಸೂರಿನಿಂದ ಬರುವಾಗ ಎಳನೀರು ತರುತ್ತಿದ್ದರು. ಅಮ್ಮ ಅದನ್ನು ಸ್ಟೀಲ್ ಲೋಟಕ್ಕೆ ಸುರಿದು, ಮುಚ್ಚಿ, "ಬಿಸಿನೀರು, ನಿಧಾನವಾಗಿ ಕುಡಿ" ಎಂದು ಅಜ್ಜಿಗೆ ಕೇಳುವಂತೆ ಹೇಳಿ ಕೊಡುತ್ತಿದ್ದರು. ನಾನು ಊದಿ ಊದಿ ಕುಡಿಯುತ್ತಿದ್ದೆ. ನನಗೆ ಏನಾಗಿದೆ ಎಂಬ ಮಾತನ್ನು ಅಪ್ಪ ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಅವರು ಆಡಬೇಕೆಂದಿದ್ದುದೆಲ್ಲ ಆ ಲೋಟದಲ್ಲಿತ್ತು.

ಊಟಕ್ಕೆ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಜೊತೆಗೆ ದಿನವೂ ಸಬ್ಬಸಿಗೆ ಸೊಪ್ಪಿನ ಪಲ್ಯ. ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುವ ಸೊಪ್ಪು ಅದು. ಮೊದಲ ದಿನ ಅದನ್ನು ನನ್ನ ತಟ್ಟೆಯಲ್ಲಿ ಕಂಡು ಅಮ್ಮ ಎದ್ದು ಅಡಿಗೆಮನೆಗೆ ಹೋದರು. ನಾನು ಉಂಡೆ. ಅಜ್ಜಿಗೆ ಅದು ಒಂದು ಸೊಪ್ಪಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ವಾರವಾಗಿರಬೇಕು, ಒಂದು ಮಧ್ಯಾಹ್ನ ಅಜ್ಜಿ ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ವಿಮಾನವೊಂದು ಮನೆಯ ಮೇಲೆ ತೀರಾ ಕೆಳಗೆ ಹಾದು ಇಳಿಯಿತು. ಆಗ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದ್ದುದರಿಂದ ಅದರ ಸದ್ದು ನಮಗೆಲ್ಲ ರೂಢಿಯಾಗಿತ್ತು. ಆ ಸದ್ದು ನಿಲ್ಲುವಷ್ಟರಲ್ಲಿ ನನ್ನ ಎದೆಯಿಂದ ಬಿಸಿಯೊಂದು ಎದ್ದು ಕುತ್ತಿಗೆ, ಮುಖ, ಕಿವಿಗಳಿಗೆ ಹಬ್ಬಿತು. ತಲೆಗೆ ಕಟ್ಟಿದ ಬಟ್ಟೆ ತೊಯ್ದುಹೋಯಿತು. ಅಂಡಾಶಯ ತೆಗೆದರೆ ಹೀಗಾಗುತ್ತದೆ, ಕೆಲವು ವಾರ ತಡೆದು ಮಾತ್ರೆ ಶುರು ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಗೊತ್ತಿದ್ದರೂ ಅದು ಬಂದಾಗ ಹೆದರಿಕೆಯಾಯಿತು.

ಅಜ್ಜಿ ನನ್ನ ಹಣೆ ಮುಟ್ಟಿದರು. ಆಮೇಲೆ ಕುತ್ತಿಗೆಯ ಹಿಂಭಾಗ.

"ಜ್ವರ ಅಲ್ಲ ಇದು. ಒಳಗಿಂದ ಏಳ್ತದಾ? ಎದೆಯಿಂದ ಮೇಲಕ್ಕೆ?"

"ಹೂಂ."

"ಆಮೇಲೆ ಚಳಿ ಚಳಿ ಆಗ್ತದಾ?"

"ಹೂಂ."

ಅವರು ನನ್ನನ್ನು ನೋಡಿದರು, ಬಹಳ ಹೊತ್ತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಬರುವ ಬಿಸಿ ಅದು. ಅವರಿಗೆ ಬಂದದ್ದು, ಆಗ ಅಮ್ಮನಿಗೂ ಬರುತ್ತಿದ್ದುದು. ಇಪ್ಪತ್ತಾರಕ್ಕೆ ಬರುವುದಲ್ಲ, ಅಪೆಂಡಿಕ್ಸ್ ತೆಗೆದರೆ ಬರುವುದಲ್ಲ. ಈಗ ಅಳುತ್ತಾರೆ ಎಂದು ನಾನು ಮಂಚದ ಹಗ್ಗ ಹಿಡಿದುಕೊಂಡೆ.

ಅಜ್ಜಿ ಎದ್ದರು. ಕಿಟಕಿಯ ಎರಡೂ ಬಾಗಿಲು ತೆರೆದರು. ನನ್ನ ತಲೆಯ ಬಟ್ಟೆ ಬಿಚ್ಚಿದರು, ಕಿವಿಯ ಹತ್ತಿ ತೆಗೆದರು. ಒದ್ದೆ ಮಾಡಿದ ಟವೆಲನ್ನು ಕುತ್ತಿಗೆಗೆ ಹಾಕಿ ಬೀಸಣಿಗೆಯಿಂದ ಗಾಳಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಬೀಸಣಿಗೆ ಕೆಳಗಿಟ್ಟು, ಕ್ಯಾಲೆಂಡರು ತೆಗೆದು ಫ್ಯಾನು ಹಾಕಿದರು.

"ನಿಮ್ಮಪ್ಪ ತರೋ ಎಳನೀರು ಊದ್ಕೊಂಡು ಕುಡೀಬೇಡ ಇನ್ಮೇಲೆ," ಎಂದರು. "ನಗು ಬತ್ತದೆ ನಂಗೆ."

ಮರುದಿನ ನನ್ನ ತಟ್ಟೆಯಲ್ಲಿ ಸಬ್ಬಸಿಗೆ ಇರಲಿಲ್ಲ, ಸೋರೆಕಾಯಿ ಪಲ್ಯವಿತ್ತು. ಪಕ್ಕದಲ್ಲಿ ಒಂದು ಲೋಟ ಮಜ್ಜಿಗೆ. ಎರಡೂ ತಂಪು, ಬಾಣಂತಿಯರ ಹತ್ತಿರಕ್ಕೂ ತರದ ಪದಾರ್ಥಗಳು. ಅಮ್ಮ ತಟ್ಟೆಯನ್ನೂ ಅಜ್ಜಿಯನ್ನೂ ನೋಡಿದರು.

ಆ ಭಾನುವಾರ ಕೆ.ಆರ್. ಪುರದಿಂದ ಸೋದರತ್ತೆ, ಅಜ್ಜಿಯ ಮಗಳು, ಬಂದರು. ನನ್ನನ್ನು ನೋಡಲು, ಜೊತೆಗೆ ಮಂಚ ಕೇಳಲು. ಅವರ ಬಸುರಿ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಸೋದರತ್ತೆ ಏನನ್ನೂ ಹಾಗೆಯೇ ನಂಬುವವರಲ್ಲ, ನನ್ನ ನೈಟಿ ಸರಿಸಿ ಹೊಟ್ಟೆ ನೋಡಿದರು.

"ಅಪೆಂಡಿಕ್ಸ್ ಬಲಗಡೆ ತಾನೆ ಇರೋದು? ಇವಳಿಗ್ಯಾಕೆ ಎಡಗಡೇನೂ ಪ್ಲಾಸ್ಟರು?"

ಅಮ್ಮ ಕಾಫಿ ಲೋಟಗಳನ್ನು ಸುಮ್ಮನೆ ಆಚೀಚೆ ಸರಿಸಿದರು. ಉತ್ತರ ಕೊಟ್ಟದ್ದು ಅಜ್ಜಿ.

"ಕ್ಯಾಮರಾ ಬಿಟ್ಟು ನೋಡ್ತಾರೆ ಕಣೇ ಈಗ. ಒಂದ್ಕಡೆಯಿಂದ ಕ್ಯಾಮರಾ, ಇನ್ನೊಂದ್ಕಡೆಯಿಂದ ಕತ್ರಿ. ನಿನ್ ಮಗಳ ಮದ್ವೇಲಿ ವಿಡಿಯೋದೋರು ಎಷ್ಟ್ ಕಡೆಯಿಂದ ತೆಗೆದ್ರು? ಊಟ ಮಾಡೋಕೂ ಬಿಡ್ಲಿಲ್ಲ."

"ಅದಿರ್ಲಿ ಅವ್ವ. ಅಪೆಂಡಿಕ್ಸ್‌ಗೆ ಬಾಣಂತಿ ಮಂಚ ಯಾಕೆ ಅಂತ? ನಾಳೆ ಗೂಡ್ಸ್ ಆಟೋ ಕಳಿಸ್ತೀನಿ."

"ಕಳಿಸ್ಬೇಡ. ಇವಳದು ಮುಗೀಲಿ."

"ಇವಳದೇನು ಮುಗಿಯೋದು, ಇವಳೇನು ಹೆತ್ತವಳಾ?"

ಅಜ್ಜಿ ಕಾಫಿ ಲೋಟವನ್ನು ಮಗಳ ಮುಂದೆ ಸರಿಸಿದರು.

"ಈ ಮನೆ ಹೆಣ್ಣು ಹೊಟ್ಟೆ ನೋವು ತಿಂದು ಬಂದವ್ಳೆ. ಮಂಚ ಅವಳ್ದೂನೂ," ಎಂದರು ಅಜ್ಜಿ. ದನಿ ಏರಿರಲಿಲ್ಲ. "ನಿನ್ ಮಗಳಿಗೆ ಇನ್ನೂ ದಿನ ಐತೆ. ಕಾಫಿ ಕುಡಿ, ಆರ್ತದೆ."

ಸೋದರತ್ತೆ ಕಾಫಿ ಕುಡಿದರು. ಹೋಗುವಾಗ ನನ್ನ ಗಲ್ಲ ಸವರಿ, ಬೇಗ ಚೇತರಿಸಿಕೋ ಎಂದು ಹೇಳಿ ಹೋದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅಳುವಿಗೆ ಹೆದರಿಕೊಂಡಿದ್ದವಳು ನಾನು. ಆ ದಿನ ಸದ್ದಿಲ್ಲದೆ ಅತ್ತವಳೂ ನಾನೇ, ಹಗುರವಾಗಿ.

ತಿಂಗಳಾದ ಮೇಲೆ ಕಾಲೇಜಿಗೆ ಹೊರಡುವ ಮುಂಚಿನ ಸಂಜೆ, ಮಂಚವನ್ನು ಕೆ.ಆರ್. ಪುರಕ್ಕೆ ಕಳಿಸಲು ಅಂಗಳಕ್ಕೆ ತಂದೆವು. ನನ್ನ ಭಾರಕ್ಕೆ ಹಗ್ಗ ಜೋತುಬಿದ್ದಿತ್ತು. ಹಾಗೇ ಕಳಿಸಬಾರದು, ಬಿಗಿದು ಕಳಿಸಬೇಕು ಎಂದರು ಅಜ್ಜಿ. ಅವರು ಒಂದು ಕಡೆ ಕೂತು ಒಂದೊಂದೇ ಎಳೆಯನ್ನು ಎಳೆದು ಬಿಗಿಯುತ್ತಾ ಬಂದರು. ಸಡಿಲವಾದ ತುದಿ ಹಿಡಿದು ನಾನು ಎದುರಿಗೆ ಕೂತೆ. ಬಾಡಿಗೆ ಮನೆಯವರ ಕುಕ್ಕರು ಮಹಡಿಯಲ್ಲಿ ಕೂಗುತ್ತಿತ್ತು.

"ಅಜ್ಜಿ," ಎಂದೆ. "ನನಗಾಗಿದ್ದು ಅಪೆಂಡಿಕ್ಸ್ ಅಲ್ಲ."

ಅವರು ಹಗ್ಗದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು ಮಗಾ. ನೀನು ಎಳೀಬೇಡ. ಹಿಡ್ಕೊಂಡಿರು, ಸಾಕು."

ನಾನು ಹಿಡಿದುಕೊಂಡಿದ್ದೆ.