ಪೊಟ್ಟಣವಿಲ್ಲದ ಚುಟ್ಟಾ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ವಿಜಯವಾಡದ ಕಾಲೇಜೊಂದರಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತೇನೆ. ಅದರಲ್ಲಿ ನನಗೆ ಬಲು ಪ್ರಿಯವಾದದ್ದು ತಂಬಾಕು ನಿಯಂತ್ರಣದ ಒಪ್ಪಂದ. ನೀತಿ ರೂಪಿಸುವಾಗ ತಂಬಾಕು ಕಂಪನಿಗಳು ಮೂಗು ತೂರಿಸದಂತೆ ಸರ್ಕಾರಗಳು ನೋಡಿಕೊಳ್ಳಬೇಕು ಎಂಬ ವಿಧಿ ಅದರಲ್ಲಿದೆ. ಇಷ್ಟೊಂದು ದೇಶಗಳು ಒಟ್ಟಿಗೆ ಕೂತು ಅನುಮಾನವನ್ನೇ ಕಾನೂನು ಮಾಡಿವೆಯಲ್ಲ ಎಂದು ನನಗೆ ಖುಷಿ.

ಅಂಥವಳ ಮನೆಯಲ್ಲೇ ತಂಬಾಕಿನ ವಾಸನೆ ಬರತೊಡಗಿತು. ಮೊದಲು ಗಂಡನ ಮೇಲೆ ಕಣ್ಣಿಟ್ಟೆ. ಮದುವೆಗೆ ಮುಂಚೆ ಸಿಗರೇಟು ಬಿಟ್ಟವನು. ಅವನ ಅಂಗಿಗಳನ್ನು ಮೂಸಿದೆ, ಸ್ಕೂಟರಿನ ಡಿಕ್ಕಿ ತೆಗೆದು ನೋಡಿದೆ. ಎಲ್ಲೂ ಚೂರು ಬೂದಿಯೂ ಸಿಗಲಿಲ್ಲ. ಅದರಿಂದ ಅನುಮಾನ ಇನ್ನಷ್ಟು ಬಲವಾಯಿತು.

ಅತ್ತೆ ಆಗಷ್ಟೇ ವಿಶಾಖಪಟ್ಟಣದಿಂದ ಬಂದು ನಮ್ಮ ಗವರ್ನರ್‌ಪೇಟೆಯ ಮನೆಯಲ್ಲಿದ್ದರು. ಆಯುಷ್ಯವೆಲ್ಲ ಅಲ್ಲಿನ ಕಡಲ ದಂಡೆಯಲ್ಲಿ ಮೀನು ಮಾರಿದವರು. ನೀವೇನಾದರೂ ಸೇದುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದರು. ಒಂದು ಮಧ್ಯಾಹ್ನ ತಾರಸಿಗೆ ಹೋದರೆ, ಅವರ ತುಟಿಯಲ್ಲಿ ತಂಬಾಕಿನ ಎಲೆ ಸುತ್ತಿದ ಚುಟ್ಟಾ ಇತ್ತು. ತುದಿಯಲ್ಲಿ ಕಿಡಿಯಿರಲಿಲ್ಲ. ಸದ್ಯ, ಇನ್ನೂ ಹಚ್ಚಿಲ್ಲ ಅಂದುಕೊಂಡೆ.

ಅವರು ಮಾತಾಡಲು ಬಾಯಿ ತೆರೆದರು, ಬುಸ್ಸೆಂದು ಹೊಗೆ ಬಂತು. ಚುಟ್ಟಾ ಈಚೆಗೆ ತೆಗೆದರು. ಉರಿಯುವ ತುದಿ ಬಾಯೊಳಗಿತ್ತು!

ಅವರ ತೆಲುಗನ್ನು ನನ್ನ ಧಾರವಾಡದ ಮಾತಿನಲ್ಲೇ ಹೇಳುತ್ತೇನೆ.

"ಸೇದಂಗಿಲ್ಲ ಅಂದಿದ್ರಲ್ರೀ ಅತ್ತೆ?"

"ಸಿಗರೇಟು ಸೇದಂಗಿಲ್ಲವ್ವಾ. ಅದು ಗಂಡಸರ ಚಟ. ಇದು ನಮ್ಮ ಓಣಿ ಹೆಂಗಸರದು. ಕಡಲ ಗಾಳಿಗೆ ಬೆಂಕಿ ಆರಬಾರದಲ್ಲ, ಒಳಗ ಇಟ್ಕೋತೀವಿ."

ಮೂಲೆಯ ಅಂಗಡಿಯಿಂದ ಖಾಲಿ ಸಿಗರೇಟು ಪೊಟ್ಟಣ ತಂದು, ಒಪ್ಪಂದದ ದೆಸೆಯಿಂದ ಅದರ ಮೇಲೆ ಬಂದ ಬಾಯಿ ಹುಣ್ಣಿನ ಭಯಂಕರ ಚಿತ್ರ ತೋರಿಸಿದೆ. ಅವರು ಸೊಂಟದಿಂದ ದಾರ ಕಟ್ಟಿದ ಚುಟ್ಟಾ ಕಟ್ಟು ತೆಗೆದು ನನ್ನ ಮೂಗಿಗೆ ಹಿಡಿದರು.

"ಇದರ ಮ್ಯಾಲೆ ಚಿತ್ರ ಎಲ್ಲೈತಿ? ಕೆಟ್ಟದ್ದಾಗಿದ್ರ ಸರ್ಕಾರದವ್ರು ಸುಮ್ಮನ ಬಿಡ್ತಿದ್ರೇನು? ಹಿಂಗ ಹೆದರಿಸಾಕ ನಿನಗ ಪಗಾರ ಕೊಡ್ತಾರ, ಹೌದಿಲ್ಲೋ?"

ವಿಶಾಖಪಟ್ಟಣದಲ್ಲಿ ಅವರ ಪಕ್ಕದ ಮನೆಯಲ್ಲಿ ಸುತ್ತಿದ ಚುಟ್ಟಾಗಳವು. ಪೊಟ್ಟಣವೇ ಇಲ್ಲದ ಮೇಲೆ ಚಿತ್ರ ಎಲ್ಲಿಂದ ಬರಬೇಕು? ಅತ್ತೆಯ ಮೇಲಿನಷ್ಟೇ ಸಿಟ್ಟು ನನ್ನ ಒಪ್ಪಂದದ ಮೇಲೂ ಬಂತು.

ಬೆಂಕಿಗೆ ಬಾಯಿ ಸುಟ್ಟಿರಬೇಕೆಂಬ ಅನುಮಾನದಿಂದ ಅಂದಿನಿಂದ ಅವರ ಊಟವನ್ನು ಕದ್ದು ನೋಡತೊಡಗಿದೆ. ಪುಂಡಿಸೊಪ್ಪಿನ ಖಾರದ ಗೊಂಗೂರ ಪಚ್ಚಡಿ ಇಲ್ಲದೆ ತುತ್ತು ಇಳಿಯದವರು ಬರೀ ಮೊಸರನ್ನ ಉಣ್ಣುತ್ತಿದ್ದರು. ಸೆಕೆ ಎಂದು ನೆಪ ಹೇಳಿದರು. ನಾನು ನಂಬಲಿಲ್ಲ, ಹಟ ಹಿಡಿದು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ.

"ಸಿಗರೇಟು, ಬೀಡಿ ಅಭ್ಯಾಸ ಉಂದಾ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ಲೇದು," ಇಲ್ಲ ಎಂದು ತಲೆಯಾಡಿಸಿದರು ಅತ್ತೆ, ನೆಮ್ಮದಿಯಾಗಿ.

ಡಾಕ್ಟರು ಹಲ್ಲು ನೋಡಿ ಮುಗಿಸುವುದರಲ್ಲಿದ್ದರು. "ಬೆಂಕಿ ಎಲ್ಲಿ ಇಟ್ಟುಕೊಳ್ಳುತ್ತೀರಿ ಅಂತ ಕೇಳಿ," ಎಂದೆ. ಡಾಕ್ಟರು ಕೂಡಲೇ ಟಾರ್ಚನ್ನು ಬಾಯಿಯ ಅಂಗುಳದ ಕಡೆ ತಿರುಗಿಸಿದರು. ಅದು ಬೆಳ್ಳಗೆ ದಡ್ಡುಗಟ್ಟಿತ್ತು, ನಡುವೆ ಒಂದು ಹುಣ್ಣಿತ್ತು. ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿಯನ್ನೂ ನಂಬದೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ಇಬ್ಬರೂ ಹೇಳಿದ್ದು ಒಂದೇ.

ಗಂಡ ಅತ್ತೆಯ ಮುಂದೆ ಕೂತು, ಉಷ್ಣಕ್ಕೆ ಎದ್ದ ಹುಣ್ಣಮ್ಮಾ, ಮುಲಾಮಿಗೆ ವಾಸಿಯಾಗುತ್ತದೆ ಎಂದ. ಅವರು ಮಗನ ಕಡೆ ನೋಡಲೂ ಇಲ್ಲ. ನನ್ನ ಕೈ ಹಿಡಿದೆಳೆದು ಪಕ್ಕಕ್ಕೆ ಕೂರಿಸಿಕೊಂಡರು.

"ನೀ ಹೇಳವಾ. ನೀ ಯಾರನ್ನೂ ನಂಬಾಕಿ ಅಲ್ಲ. ನಿನ್ನ ಮಾತು ನಾ ನಂಬತೀನಿ."

"ಕ್ಯಾನ್ಸರ್ ಐತ್ರಿ ಅತ್ತೆ. ಆಪರೇಷನ್ ಮಾಡಬೇಕಂತ."

ಅವರು ನನ್ನ ಕೈ ಬಿಡಲಿಲ್ಲ.

"ವಿಶಾಖಪಟ್ಣಕ್ಕ ನನ್ನ ತಂಗಿಗೆ ಫೋನ್ ಹಚ್ಚು," ಎಂದರು. "ಆಕಿಗೆ ಈ ಚುಟ್ಟಾ ಕಲಿಸಿದಾಕಿ ನಾನ."