ಆ ಅರಿವೆಯದಲ್ಲ ತಪ್ಪು

ಅವ್ವ, ನಿಮ್ಮ ಮಗನ ಮುಖವನ್ನು ಸುಟ್ಟವನು ನಾನು. ನೀವಲ್ಲ. ಸಿನೆಮಾ ಮಷಿನ್ನಿನ ಮೇಲೆ ನೀವು ಕಟ್ಟಿದ ಅರಿವೆಯೂ ಅಲ್ಲ. ಐದು ವರ್ಷ ಈ ಮಾತು ನನ್ನ ಬಾಯಿಂದ ಹೊರಡಲಿಲ್ಲ — ಹೊರಡದಂತೆ ನಾನೇ ನೋಡಿಕೊಂಡೆ.

ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ. ಎಲ್ಲಿಯವರೆಗೆ ಖರೆ, ಎಲ್ಲಿಂದ ಸುಳ್ಳು ಎಂಬುದು ನಿಮಗೆ ತಿಳಿಯಬೇಕು. ನಿಮ್ಮ ಮಗ, ನನ್ನ ಗೆಳೆಯ ನೇಮಣ್ಣ ಮುಂಬಯಿಯಿಂದ ಆ ಪುಟ್ಟ ಮಷಿನ್ನನ್ನೂ ಒಂದು ಕ್ಯಾಮೆರಾವನ್ನೂ ಖಾನಾಪುರದ ಮನೆಗೆ ತಂದ. ಯಾವಾಗಲೂ ಕ್ಯಾಮೆರಾದ ಹಿಂದೆಯೇ ಇರುತ್ತಿದ್ದ ಅವನು ಯಾವ ಚಿತ್ರದಲ್ಲೂ ಇಲ್ಲ. ಒಮ್ಮೆ ಮಾತ್ರ, ಹಲಸಿಯ ಹಳೆಯ ಗುಡಿಯ ಮುಂದೆ, ಕ್ಯಾಮೆರಾ ನನ್ನ ಕೈಗಿಟ್ಟು, ಹಿಡಿಕೆ ತಿರುಗಿಸು ಎಂದು ಹೇಳಿ ತಾನು ಮೆಟ್ಟಿಲಿಳಿದು ಬಂದ. ಇಳಿದು, ಹತ್ತಿರ ಬಂದು, ನಕ್ಕ. ಅಷ್ಟೇ. ಮುಂಬಯಿಗೆ ಕಳಿಸಿ ತೊಳೆಸಿದ ಆ ರೀಲಿಗೆ ಇನ್ನೊಂದು ಪ್ರತಿ ಇರಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಚಳಿಜ್ವರ ಅವನನ್ನು ಒಯ್ದಿತು.

ಆಮೇಲೆ ನಾನು ಬೆಳಗಾವಿಯಿಂದ ಬಂದಾಗಲೆಲ್ಲ ನೀವು ಆ ರೀಲು ನೋಡುತ್ತಿದ್ದಿರಿ. ಹೊತ್ತು ಮುಳುಗಿದ ಮೇಲೆ ದೀಪಕ್ಕೆ ಹುಳ ಬಂದು ಬಿದ್ದು ಸಾಯುತ್ತವೆಂದು ಹಗಲಿನಲ್ಲೇ, ಉಗ್ರಾಣದ ಕಿಟಕಿಗಳಿಗೆ ಜಮಖಾನ ಹೊದಿಸಿ. ಅಷ್ಟಾದರೂ ನಿಮಗೆ ಸಮಾಧಾನವಿಲ್ಲ. ನೀರು ಸೋಸುವಂಥ ತೆಳ್ಳನೆಯ ಬಿಳಿ ಅರಿವೆಯನ್ನು ಮಷಿನ್ನಿನ ದೀಪದ ಡಬ್ಬಿಯ ತೂತುಗಳಿಗೆ, ಹುಳ ಒಳಗೆ ಹೋಗದಂತೆ, ನಿಮ್ಮ ಕೈಯಾರೆ ಕಟ್ಟುತ್ತಿದ್ದಿರಿ. ನಾನು ಮನಸ್ಸಿನಲ್ಲೇ ನಗುತ್ತಿದ್ದೆ.

ಐದು ವರ್ಷದ ಹಿಂದೆ ಮಳೆ ನಿಂತ ಮೇಲೆ ಚಿತ್ರ ಕುಣಿಯತೊಡಗಿತು, ಮಂಕೂ ಆಗಿತ್ತು.

"ಅವನ ಮಾರಿ ಮಸಕಾಗೇತಿ, ಈರಣ್ಣ. ಏನಾರ ಮಾಡಪಾ" ಎಂದಿರಿ.

ಮಷಿನ್ನನ್ನು ಬೆಳಗಾವಿಯ ನನ್ನ ಗಡಿಯಾರದ ಅಂಗಡಿಗೆ ತಂದೆ. ನನ್ನ ಸ್ವಭಾವ ನಿಮಗೆ ಗೊತ್ತು — ಯಾವ ಯಂತ್ರ ಮುಂದಿಟ್ಟರೂ 'ತಿಳಿಯದು' ಎನ್ನುವವನಲ್ಲ. ಕುಣಿತದ ಕಾರಣ ಬೇಗ ಸಿಕ್ಕಿತು. ಫಿಲ್ಮು ಹಾಯುವ ಸಂದಿಯಲ್ಲಿ ಅಂಟು ಕೂತಿತ್ತು. ಬಿದಿರು ಕಡ್ಡಿಗೆ ಅರಿವೆ ಸುತ್ತಿ ಒರೆಸಿದೆ. ಮಂಕು ಮಾತ್ರ ಹೋಗಲಿಲ್ಲ. ದೀಪದ ಹಿಂದಿನ ಕನ್ನಡಿ ಉಜ್ಜಿದೆ, ತಂತಿಯ ತುದಿ ಕೆರೆದೆ. ಉಳಿದದ್ದು ಮುಂದಿನ ಗಾಜು. ಅದನ್ನು ಬಿಚ್ಚಿದರೆ ಮತ್ತೆ ಕೂಡಿಸಲು ಬರುತ್ತದೋ ಇಲ್ಲವೋ ಎಂದು ಹೆದರಿದೆ. ಹೆದರಿದೆನೆಂದು ಒಪ್ಪಿಕೊಳ್ಳಲು ಸೊಕ್ಕು ಬಿಡಲಿಲ್ಲ. ಹತ್ತಿರದ ದಾರಿ ಹಿಡಿದೆ — ಮಷಿನ್ನಿನ ಸಣ್ಣ ಬಲ್ಬು ತೆಗೆದು, ಮೋಟಾರು ಕಾರಿನ ಮುಂದಿನ ದೀಪದ ಬಲ್ಬನ್ನು, ಬುಡ ಅರದಿಂದ ಉಜ್ಜಿ, ಕೂಡಿಸಿದೆ. ಗೋಡೆ ಬೆಳ್ಳಗೆ ಹೊಳೆಯಿತು. ನಾನು ಬೀಗಿದೆ. ನಿಮಗೆ ಹೇಳಲಿಲ್ಲ.

ಮುಂದಿನದು ಉಗ್ರಾಣದಲ್ಲಿ ನಿಮ್ಮ ಕಣ್ಣೆದುರೇ ಆದದ್ದು. ಅವನು ಮೆಟ್ಟಿಲಿಳಿದು ಬಂದ. ಹತ್ತಿರವಾದ. ಅಷ್ಟು ನಿಚ್ಚಳವಾಗಿ ನೀವು ಅವನನ್ನು ಎಂದೂ ನೋಡಿರಲಿಲ್ಲ.

"ಒಂದು ಗಳಿಗಿ ನಿಲ್ಲಸಪಾ. ಮಾರಿ ನೋಡ್ತೇನಿ."

ಎಷ್ಟೋ ಸಲ ನಿಲ್ಲಿಸಿದ್ದೆ. ಹಳೆಯ ಬಲ್ಬಿನ ಕಾವು ಫಿಲ್ಮಿಗೆ ಏನೂ ಮಾಡುತ್ತಿರಲಿಲ್ಲ. ನಿಲ್ಲಿಸಿದೆ. ಅವನ ಕೆನ್ನೆಯ ಮೇಲೆ ಒಂದು ಕಂದು ಗುಳ್ಳೆ ಎದ್ದಿತು — ಹರಡಿತು — ನಾನು ಗಾಬರಿಯಲ್ಲಿ ಹಿಡಿಕೆ ತಿರುಗಿಸಿದೆ. ಕರಗಿದ ಫಿಲ್ಮು ಸಂದಿಗೆ ಅಂಟಿತ್ತು, ಹಿಂದಿನದೆಲ್ಲ ಅದರ ಮೇಲೆ ಮುದ್ದೆಯಾಗಿ ಬಂದು ಹರಿಯಿತು. ಅವನ ಮುಖವಿದ್ದಷ್ಟೂ ಹೋಯಿತು.

ನೀವು ನನ್ನನ್ನು ನೋಡಿದಿರಿ. ಆಗ ನನ್ನ ಕೈ ತಾನೇ ಆ ಅರಿವೆಯ ಕಡೆ ಹೋಯಿತು. ತಾನೇ ಎಂದೆನೆ? ಇಲ್ಲ, ನಾನೇ ತೋರಿಸಿದೆ.

"ಗಾಳಿ ಹೋಗೂ ದಾರಿಗಿ ಅರಿವಿ ಕಟ್ಟೀರಿ, ಅವ್ವಾರ. ಕಾವು ಒಳಗ ಕುಂತು ಹಿಂಗಾತು."

ನೀವು ಎದ್ದು ಆ ಅರಿವೆ ಬಿಚ್ಚಿದಿರಿ. ಮಡಚಿದಿರಿ. ಆಮೇಲೆ, ಬಹಳ ಮೆಲ್ಲಗೆ — "ಹುಳ ಉಳಸಾಕ ಹೋಗಿ ಮಗನ್ನ ಸುಟ್ನೇನಪಾ?"

ಅಲ್ಲ ಎನ್ನಲು ಆಗ ಎಷ್ಟು ಹೊತ್ತು ಬೇಕಿತ್ತು? ನಾನು ತಲೆ ತಗ್ಗಿಸಿ ನಿಂತೆ. ನೀವು ಅದನ್ನು ದುಃಖವೆಂದುಕೊಂಡಿರಿ.

ಮರುದಿನ ಮಷಿನ್ನನ್ನು ಮತ್ತೆ ಅಂಗಡಿಗೆ ಒಯ್ದು ಪರೀಕ್ಷೆ ಮಾಡಿದೆ. ಹಳೆಯ ಬಲ್ಬು ಹಾಕಿ, ತೂತುಗಳಿಗೆ ಅರಿವೆ ಬಿಗಿದು, ಸುಟ್ಟುಳಿದ ಒಂದು ತುಣುಕನ್ನು ನಿಲ್ಲಿಸಿದೆ: ಏನೂ ಆಗಲಿಲ್ಲ. ನನ್ನ ಬಲ್ಬು ಹಾಕಿ, ಅರಿವೆ ತೆಗೆದು ನಿಲ್ಲಿಸಿದೆ: ನಾಲ್ಕು ಎಣಿಸುವಷ್ಟರಲ್ಲಿ ಗುಳ್ಳೆ. ಕೊನೆಗೆ ಮುಂದಿನ ಗಾಜನ್ನೂ ಬಿಚ್ಚಿದೆ. ಒಳಗೆ ಬೂಷ್ಟು ಹಿಡಿದಿತ್ತು, ಖಾನಾಪುರದ ಮಳೆಯ ಬೂಷ್ಟು. ಒರೆಸಿದರೆ ಹೋಯಿತು. ಅಷ್ಟೇ ಕೆಲಸವಿತ್ತು, ಅವ್ವ. ನಾನು ಯಾರಿಗೂ ತಿಳಿಯದಂತೆ ಹಳೆಯ ಬಲ್ಬನ್ನೇ ಕೂಡಿಸಿ, ಮಷಿನ್ ತಂದೊಪ್ಪಿಸಿದೆ. ನೀವು ನನಗೆ ಊಟಕ್ಕೆ ಬಡಿಸಿದಿರಿ. ನಿಮ್ಮ ತಾಟಿನಲ್ಲಿ ಉಪ್ಪಿಲ್ಲದ ಅನ್ನ. ಮಾಡಿದ್ದಕ್ಕೆ ಪ್ರಾಯಶ್ಚಿತ್ತವೆಂದು ಉಪ್ಪು ಬಿಟ್ಟಿದ್ದೀರೆಂದು ಆಗ ತಿಳಿಯಿತು. ನಾನು ಉಂಡೆ. ಐದು ವರ್ಷ ಹೀಗೆಯೇ ಬಂದು ಉಂಡು ಹೋಗಿದ್ದೇನೆ.

ಮೊನ್ನೆ ನೀವು ಹೇಳಿದಿರಿ — ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿರುವ ಮುನಿಗಳ ಮುಂದೆ, ನಾಲ್ಕು ಜನರೆದುರು ಇದನ್ನೆಲ್ಲ ಒಪ್ಪಿಕೊಂಡು ಇನ್ನೂ ದೊಡ್ಡ ವ್ರತ ಬೇಡುತ್ತೇನೆಂದು. "ಉಪ್ಪು ಬಿಟ್ರ ಸಾಲಲಿಲ್ಲ. ನೀನೂ ಬಾ ಈರಣ್ಣ. ಆ ದಿನ ನೋಡಿದಾವ ನೀ ಒಬ್ಬನ."

ಬರುತ್ತೇನೆ ಎಂದೆ. ಅದನ್ನೂ ಅಂದೆ ನೋಡಿ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಓದಲು ಬಾರದು, ಬೇರೆಯವರ ಬಾಯಿಂದ ನೀವು ಇದನ್ನು ಕೇಳಬಾರದು. ನಾಳೆ ಬೆಳಗಿನ ರೈಲಿಗೆ ಬಂದು ನಾನೇ ಓದುತ್ತೇನೆ. ನಿಮ್ಮ ಜಗಲಿ ಹತ್ತುವುದಿಲ್ಲ, ಕೆಳಗೇ ನಿಂತು ಓದುತ್ತೇನೆ. ಆಮೇಲೆ ಇನ್ನು ಈ ಮನೆಗೆ ಬರಬೇಡ ಎಂದರೆ ಬರುವುದಿಲ್ಲ. ಆದರೆ ಮುನಿಗಳ ಮುಂದೆ ನೀವು ಸುಮ್ಮನೆ ಕೂತುಬಿಡಿ, ಅವ್ವ. ಅಲ್ಲಿ ಎದ್ದು ನಿಂತು ಹೇಳಬೇಕಾದವನು ನಾನು.