ಟಿ.ವಿ.ಯಲ್ಲಿ ಕೇಳಿದ ಹೆಸರು

ಪಕ್ಕದ ಮನೆಯಿಂದ ಸಾಂಬ್ರಾಣಿ ಹೊಗೆ ಬರುತ್ತಿದೆ. ಆ ಮನೆಯ ಶಾಹೀನಾ ಅದನ್ನು ಲೋಬಾನ ಅನ್ನುತ್ತಾಳೆ. ಏನೇ ಅನ್ನಲಿ, ಶಿರಾದ ನಮ್ಮ ಬೀದಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಈ ವಾಸನೆ ಬಂತೆಂದರೆ ಯಾರದೋ ಮನೆಯಲ್ಲಿ ಕೂಸಿಗೆ ನೀರು ಹಾಕಿದ್ದಾರೆ ಎಂದು ಅರ್ಥ. ಬೆಳಿಗ್ಗೆ ಅವಳು ಕಾಂಪೌಂಡಿನ ಆಚೆಯಿಂದ, "ಟೀಚರ್, ಪಾಪುಗೆ ಹೆಸ್ರಿಟ್ವಿ. ನೀವು ನಗಬಾರ್ದು" ಎಂದು ಮೊದಲೇ ಮಾತು ತೆಗೆದುಕೊಂಡು ಹೆಸರು ಹೇಳಿದಳು. ಅವರ ಮನೆಮಂದಿಯೆಲ್ಲ ಮೊಬೈಲಿನಲ್ಲಿ ನೋಡುವ ಯಾವುದೋ ಪರದೇಶದ ಧಾರಾವಾಹಿಯ ವೀರನ ಹೆಸರದು. ಕುದುರೆಯೇರಿ ಕತ್ತಿ ಬೀಸುತ್ತಾನಂತೆ. ತೊಟ್ಟಿಲಲ್ಲಿದ್ದ ವೀರ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದ. ನಾನು ನಗಲಿಲ್ಲ.

ನಗುವ ಹಕ್ಕಾದರೂ ನನಗೆಲ್ಲಿದೆ ಹೇಳಿ? ನಮ್ಮಪ್ಪ ಮಧುಗಿರಿಯ ಟೆಂಟಿನಲ್ಲಿ ಸಿನಿಮಾ ನೋಡಿ ಬಂದು, ಅದರ ನಾಯಕಿಯ ಹೆಸರನ್ನೇ ನನಗಿಟ್ಟರು. ಹೆಸರು ಹೇಳಿದರೆ ನೀವು ನನ್ನ ವಯಸ್ಸು ಲೆಕ್ಕ ಹಾಕುತ್ತೀರಿ, ಬೇಡ. ಅದೇ ಸಿನಿಮಾವನ್ನು ಊರಿನ ಅಪ್ಪಂದಿರೆಲ್ಲ ನೋಡಿದ್ದರಿಂದ ನಮ್ಮ ತರಗತಿಯಲ್ಲಿ ಆ ಹೆಸರಿನವರು ಸಾಕಷ್ಟು ಜನ ಇದ್ದೆವು. ಮೇಷ್ಟ್ರು ನನ್ನನ್ನು 'ಗಿಡ್ಡಿ' ಎಂದು ಬೇರೆ ಮಾಡಿಕೊಂಡರು. ಈಗ ನಾನೇ ಹಾಜರಿ ಕರೆಯುವವಳು. ಮಕ್ಕಳ ಹೆಸರು ಕೂಗುತ್ತ ಹೋದರೆ, ಅವರು ಹುಟ್ಟಿದಾಗ ಯಾವ ಧಾರಾವಾಹಿ ಓಡುತ್ತಿತ್ತು, ಯಾವ ಆಟಗಾರ ಸಿಕ್ಸರ್ ಬಾರಿಸುತ್ತಿದ್ದ ಎಂಬುದೆಲ್ಲ ಗೊತ್ತಾಗುತ್ತದೆ. ಒಮ್ಮೆ ಚಂಡಮಾರುತದ ಹೆಸರಿಟ್ಟುಕೊಂಡ ಹುಡುಗಿಯೊಬ್ಬಳು ಸೇರಿಕೊಂಡಳು. ಹೆಸರಿಗೆ ತಕ್ಕಂತೆಯೇ ಇದ್ದಳು.

ನಮ್ಮವ್ವನ ಹೆಸರು ಮಾತ್ರ ಯಾವ ಸಿನಿಮಾದಿಂದಲೂ ಬಂದದ್ದಲ್ಲ. ಅವಳು ತಿಪ್ಪಮ್ಮ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲವಂತೆ. ಅದಕ್ಕೇ ಇವಳು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು ಆ ಹೆಸರಿಟ್ಟರು. ಕಸಕ್ಕೆ ಜವರಾಯ ಕೈ ಹಾಕುವುದಿಲ್ಲ ಎಂಬ ನಂಬಿಕೆ. ಅವ್ವ ಎಂಬತ್ತು ದಾಟಿದರೂ ಗಟ್ಟಿಯಾಗಿದ್ದಳು, ಹೆಸರು ಪ್ರಾಣ ಕಾಯುತ್ತದೆ ಎನ್ನುವುದಕ್ಕೆ ತನಗಿಂತ ಸಾಕ್ಷಿ ಬೇಕೇ ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ತಮ್ಮನ ಹೆಂಡತಿ ರೂಪ ಹೆರಿಗೆಗೆಂದು ತವರಾದ, ತೆಲುಗು ಬೆರೆತ ಮಾತಿನ ಬಲಸಮುದ್ರದಲ್ಲಿದ್ದಳು, ನಾಮಕರಣವೂ ಅಲ್ಲೇ. ಧಾರಾವಾಹಿಯ ನಾಯಕಿಯ ಹೆಸರು ನಿಶ್ಚಯವಾಗಿ, ತಮ್ಮ ಫ್ಲೆಕ್ಸನ್ನೂ ಮಾಡಿಸಿಟ್ಟಿದ್ದ. ಅಷ್ಟರಲ್ಲಿ ದೂರದ ಜಿಲ್ಲೆಯಲ್ಲಿ ಇಂಚರ ಎಂಬ ಪುಟ್ಟ ಹುಡುಗಿ ತೆರೆದ ಕೊಳವೆಬಾವಿಗೆ ಬಿದ್ದಳು.

ನೀವೂ ಇಂಥದ್ದನ್ನು ಟಿ.ವಿ. ಮುಂದೆ ಕೂತು ನೋಡಿರುತ್ತೀರಿ. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುವ ಜೆಸಿಬಿ, ಒಳಗಿಳಿಸಿದ ಆಮ್ಲಜನಕದ ಪೈಪು, ಗುಂಡಿಯ ಬಾಯಿಗೆ ಬಗ್ಗಿ ಮಗಳ ಹೆಸರು ಕೂಗುವ ತಾಯಿ. ನನ್ನ ತವರೂರು ಐ.ಡಿ.ಹಳ್ಳಿಯಲ್ಲಿ ಗಂಡಸರು ಹಾರೆ ಹಿಡಿದು ಹೊಲಗಳಿಗೆ ಓಡಿ, ನೀರು ಬೀಳದೆ ಬಿಟ್ಟಿದ್ದ ಬೋರುಗಳ ಮೇಲೆಲ್ಲ ಚಪ್ಪಡಿ ಎಳೆದರು. ಆಸ್ಪತ್ರೆಗಳಲ್ಲಿ ಆಗಷ್ಟೇ ಹುಟ್ಟಿದ ಹೆಣ್ಣುಮಕ್ಕಳಿಗೆ ಇಂಚರ ಎಂದೇ ಹೆಸರಿಡುತ್ತಿದ್ದಾರೆಂದು ಟಿ.ವಿ.ಯವರು ತೋರಿಸಿದರು.

ನಾಮಕರಣದ ಹಿಂದಿನ ದಿನ ನಾವು ಬಲಸಮುದ್ರ ಮುಟ್ಟುವಷ್ಟರಲ್ಲಿ ರೂಪಳ ಕಣ್ಣು ಅತ್ತತ್ತು ಊದಿತ್ತು.

"ನಾನು ಇಕ್ಕಡ ಪಾಲು ಕುಡಿಸ್ತಾ ಇದೀನಕ್ಕ, ಅಲ್ಲಿ ಆ ಪಾಪಕ್ಕೆ ತೊಟ್ಟು ನೀರೂ ಇಳೀತಿಲ್ಲ. ನಮ್ಮ ಪಾಪಕ್ಕೆ ಅದೇ ಪೇರು ಇಡ್ತೀನಿ ಅಂತ ಹರಕೆ ಹೊತ್ತಿದೀನಿ. ಅದು ಬದುಕಿ ಬರ್ತದೆ."

ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಗುಂಡೀಲಿರೋ ಕೂಸಿನ ಹೆಸ್ರಾ? ಬುದ್ದಿ ನೆಟ್ಟಗೈತಾ ನಿಂಗೆ? ಜವರಾಯನ ಕಣ್ ತಪ್ಸಕ್ಕೆ ನಮ್ಮವ್ವ ನನ್ನ ತಿಪ್ಪೆ ಮ್ಯಾಲೆ ಮಲಗ್ಸುದ್ಲು. ನೀನು ಕರ್ದು ಕೊಡ್ತಾ ಇದೀಯ. ಆ ಹೆಸ್ರಿಟ್ರೆ ನಾನು ತೊಟ್ಲು ಮುಟ್ಟಾಕಿಲ್ಲ."

ರೂಪ ಊಟ ಬಿಟ್ಟಳು. ತಮ್ಮ ಇಬ್ಬರ ನಡುವೆ ಓಡಾಡಿ ಸೋತು ನನ್ನ ಹತ್ತಿರ ಬಂದ. "ಅಕ್ಕ, ಕಿವೀಲಿ ಹೇಳೋಳು ನೀನು. ನೀ ಹೇಳಿದ್ದೇ ಹೆಸ್ರು" ಎಂದು ಜಾರಿಕೊಂಡ. ಅದು ನಿಜವೇ. ಸೋದರತ್ತೆ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದರೆ ಮುಗಿಯಿತು, ಆಮೇಲೆ ಯಾರೂ ಅದನ್ನು ತಿದ್ದುವಂತಿಲ್ಲ. ಸೋದರತ್ತೆಗೆ ಒಂದು ಸೀರೆ ಸಿಗುತ್ತದೆಂದು ಖುಷಿಯಲ್ಲಿ ಹೊರಟಿದ್ದ ನನಗೆ ಈಗ ಆ ಸೀರೆಯೇ ಬೇಡವೆನಿಸಿತು. ಅವ್ವನ ಭಯ ಮೂಢನಂಬಿಕೆ ಎಂದು ಮಕ್ಕಳಿಗೆ ಪಾಠ ಹೇಳಬಲ್ಲ ನನಗೇ ಆ ಭಯ ಅಂಟಿಕೊಂಡಿತ್ತು.

ಬೆಳಿಗ್ಗೆ ಹಜಾರದಲ್ಲಿ ಬಂದವರೆಲ್ಲ ಟಿ.ವಿ. ಮುಂದೆ ನಿಂತಿದ್ದರು. ಇನ್ನೇನು ಕೆಲವೇ ಅಡಿ ಎಂದು ವರದಿಗಾರ ಕಿರುಚುತ್ತಿದ್ದ. ಒಳಗೆ ತೊಟ್ಟಿಲ ಸುತ್ತ ಹೆಂಗಸರು, ಯಾರ ಬಾಯಲ್ಲೂ ಹಾಡಿಲ್ಲ. ರಾಹುಕಾಲ ಬರುತ್ತದೆಂದು ರೂಪಳ ತಾಯಿ ಅವಸರ ಮಾಡಿದರು. ನಾನು ಬಗ್ಗಿದೆ. ಇನ್ನೂ ಯಾವ ಹೆಸರು ಹೇಳಬೇಕೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಹಜಾರದಿಂದ "ಅಯ್ಯೋ" ಎಂಬ ಒಂದೇ ದನಿ ಎದ್ದಿತು. ಯಾರೋ ಟಿ.ವಿ. ಆರಿಸಿದರು. ತಮ್ಮ ಬಾಗಿಲಿಗೆ ಬಂದು ಇಲ್ಲವೆಂದು ತಲೆಯಾಡಿಸಿದ.

ರೂಪ ಅಳಲಿಲ್ಲ. ತೊಟ್ಟಿಲ ಹಗ್ಗ ಹಿಡಿದ ಅವಳ ಬೆರಳು ಬಿಳಿಚಿಕೊಂಡವು. ಧಾರಾವಾಹಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆದರೂ ಅವ್ವನ ಮುಖ ನೋಡಿದೆ. ಗೋಡೆಗೊರಗಿ ಕೂತಿದ್ದವಳು ಮಂಡಿಗೆ ಕೈಕೊಟ್ಟು ಎದ್ದು ಬಂದು ನನ್ನ ಪಕ್ಕ ನಿಂತಳು.

"ಹೇಳು ಕಣಮ್ಮ."

"ಯಾವ್ದವ್ವಾ?"

"ಆ ಕೂಸಿಂದೇ. ಅವ್ರವ್ವ ಇನ್ನೆಷ್ಟು ಕೂಗುದ್ರೂ ಓ ಅನ್ನೋರಿಲ್ಲ. ಆ ಹೆಸ್ರಿಗೆ ಒಬ್ಳಾದ್ರೂ ಓ ಅನ್ಲಿ ಬುಡು."

ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳುವ ಮೊದಲು ಅವ್ವನ ಕಡೆ ತಿರುಗಿದೆ. ಅವ್ವ ತೊಟ್ಟಿಲು ಹಿಡಿದು ಬಗ್ಗಿ, ತಾನೇ ಹೇಳಿ ಮುಗಿಸಿದಳು. ಆ ವಾರ ಇಂಚರ ಎಂದು ಹೆಸರಿಟ್ಟಿದ್ದ ಎಷ್ಟೋ ಮನೆಯವರು ಆಮೇಲೆ ಸದ್ದಿಲ್ಲದೆ ಬದಲಾಯಿಸಿದರೆಂದು ಕೇಳಿದೆ. ಅವರನ್ನು ತಪ್ಪೆನ್ನಲಾರೆ. ನಮ್ಮವ್ವ ಮಾತ್ರ ತಾನಿರುವವರೆಗೆ ಮೊಮ್ಮಗಳನ್ನು ಪೂರ್ತಿ ಹೆಸರಿಂದಲೇ ಕರೆದಳು. ಪುಟ್ಟಿ, ಚಿನ್ನಿ ಎಂದು ಕರೆದವರಿಗೆಲ್ಲ ಬೈಗುಳ ಬೀಳುತ್ತಿತ್ತು.

ಈಗ ಎರಡನೇ ತರಗತಿಯ ಇಂಚರ ರಜೆಗೆ ನನ್ನ ಮನೆಗೆ ಬಂದಿದ್ದಾಳೆ. ಇಷ್ಟು ಬರೆಯುವಷ್ಟರಲ್ಲಿ ಊಟದ ಹೊತ್ತಾಯಿತು. ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ತಾರಸಿಯಲ್ಲಿ ಆಡುತ್ತಿದ್ದಾಳೆಂದು ಗೊತ್ತು. ಆದರೂ ಪೆನ್ನು ಬಿಟ್ಟು ಮೆಟ್ಟಿಲ ಹತ್ತಿರ ಓಡಿದೆ.

"ಓ ಅತ್ತೇ! ಬಂದೆ! ಒಂದ್ಸಲ ಕರೆದ್ರೆ ಕೇಳ್ಸಲ್ವಾ ನಂಗೆ?"

ಕೇಳಿಸುತ್ತದೆ ಕಣಮ್ಮ. ಮೆಟ್ಟಿಲ ಕೆಳಗೆ ನಿಂತು ಇನ್ನೊಂದು ಸಲ ಕರೆದೆ.